ಕೊಂಬೆ ಕಡಿದವನ ಕತೆ ಕಟ್ಟಿದವರು

‘ಕವಿರತ್ನ ಕಾಳಿದಾಸ’ ತೆರೆಗೆ ಬಂದದ್ದು 1983ರಲ್ಲಿ. ರೇಣುಕಾ ಶರ್ಮ ನಿರ್ದೇಶನದ ಆ ಚಿತ್ರ ನೋಡಿದ ಮೇಲೆ ಕಾಳಿದಾಸ ಹೇಗಿದ್ದ ಎಂಬ ಬಗ್ಗೆ ಕನ್ನಡಿಗರಿಗೆ ಅನುಮಾನವೇ ಉಳಿಯಲಿಲ್ಲ, ಥೇಟ್ ರಾಜಕುಮಾರ್! ಕುರಿ ಕಾಯುವ ಮುಗ್ಧ, ಪಂಡಿತನೆಂದು ನಂಬಿ ಅವನನ್ನು ವರಿಸಿದ ರಾಜಕುಮಾರಿ, ಕಾಳಿಯ ಕೃಪೆ, ಆಮೇಲೆ ಭೋಜರಾಜನ ಆಸ್ಥಾನ. ಅದಕ್ಕೂ ಮೊದಲು, 1955ರಲ್ಲಿ, ಹೊನ್ನಪ್ಪ ಭಾಗವತರು ‘ಮಹಾಕವಿ ಕಾಳಿದಾಸ’ ಮಾಡಿದ್ದರು. ಬಿ. ಸರೋಜಾದೇವಿ ಚಿತ್ರರಂಗಕ್ಕೆ ಕಾಲಿಟ್ಟದ್ದು ಅದರಲ್ಲೇ. ಕತೆ ನಮಗೆಲ್ಲ ಬಾಯಿಪಾಠ. ಇದನ್ನು ಕಟ್ಟಿದವರು ಯಾರು?

ಕಾಳಿದಾಸನಂತೂ ಅಲ್ಲ. ಊರು, ತಂದೆ–ತಾಯಿ, ಗುರು ಯಾವುದನ್ನೂ ಅವನು ಹೇಳಿಲ್ಲ. ಗುಪ್ತರ ಕಾಲದವನು ಎಂಬುದೂ ವಿದ್ವಾಂಸರು ಹಾಕಿದ ಲೆಕ್ಕ. ಅವನ ಹೆಸರಿರುವ, ಇಸವಿ ನಿಖರವಾಗಿ ಗೊತ್ತಿರುವ ಹಳೆಯ ದಾಖಲೆ ಇರುವುದು ನಮ್ಮ ಐಹೊಳೆಯ ಮೇಗುತಿ ಜಿನಾಲಯದಲ್ಲಿ. ಕ್ರಿ.ಶ. 634ರ ಆ ಶಾಸನದಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳಿ ಮುಗಿಸಿದ ರವಿಕೀರ್ತಿ, ತನ್ನನ್ನೂ ಒಂದಿಷ್ಟು ಹೊಗಳಿಕೊಂಡು, ಕೀರ್ತಿಯಲ್ಲಿ ತಾನು ಕಾಳಿದಾಸ, ಭಾರವಿಯರ ಸಮ ಎನ್ನುತ್ತಾನೆ. ಅಲ್ಲಿ ಕುರಿಯೂ ಇಲ್ಲ, ಕೊಂಬೆಯೂ ಇಲ್ಲ.

ಕತೆ ಮೈದುಂಬಿಕೊಂಡು ಕಾಣಿಸುವುದು ಆ ಶಾಸನದಿಂದ ಸುಮಾರು ಏಳು ಶತಮಾನ ಕಳೆದ ಮೇಲೆ, ಗುಜರಾತಿನ ಜೈನ ಲೇಖಕ ಮೇರುತುಂಗನ ‘ಪ್ರಬಂಧಚಿಂತಾಮಣಿ’ಯಲ್ಲಿ. ವಿಕ್ರಮಾದಿತ್ಯನ ಮಗಳು ಪ್ರಿಯಂಗುಮಂಜರಿ ಉಪ್ಪರಿಗೆಯಿಂದ ಗುರು ವರರುಚಿಗೆ ಮಾವಿನಹಣ್ಣು ಎಸೆಯುತ್ತಾಳೆ. ಮಣ್ಣಿಗೆ ಬಿದ್ದ ಹಣ್ಣಿನ ಧೂಳನ್ನು ಅವನು ಊದಿದರೆ, ‘ಅಷ್ಟು ಬಿಸಿಯೇ?’ ಎಂದು ನಗುತ್ತಾಳೆ. ಅಷ್ಟಕ್ಕೇ ಕೆರಳಿದ ಗುರು, ದನ ಕಾಯುವವನೇ ನಿನಗೆ ಗಂಡನಾಗಲಿ ಎನ್ನುತ್ತಾನೆ. ಕಾಡಿನಿಂದ ಒಬ್ಬ ಎಮ್ಮೆ ಕಾಯುವವನನ್ನು ಹಿಡಿದು ತಂದು ಪಂಡಿತನ ವೇಷ ಹಾಕಿಸುತ್ತಾನೆ. ಸಭೆಯಲ್ಲಿ ಅವನು ಕಲಿಸಿದ ಆಶೀರ್ವಾದ ಮರೆತು ಅರ್ಥವಿಲ್ಲದ್ದೇನನ್ನೋ ಒದರಿದಾಗ, ವರರುಚಿ ಅದಕ್ಕೂ ಶಿವಪರವಾದ ಅರ್ಥ ಹಚ್ಚಿ ಗೆಲ್ಲಿಸುತ್ತಾನೆ. (ಇಂಥ ಭಾಷ್ಯಕಾರರಿಗೆ ಅಧಿಕಾರದ ಅಕ್ಕಪಕ್ಕ ಇವತ್ತಿಗೂ ಬರವಿಲ್ಲ.)

ಗುಟ್ಟು ರಟ್ಟಾಗುವ ಸನ್ನಿವೇಶ ಇನ್ನೂ ಚೆಂದ. ಹೆಂಡತಿ ಒಂದು ಹಸ್ತಪ್ರತಿ ಕೊಟ್ಟು ತಿದ್ದಿಕೊಡಿ ಎನ್ನುತ್ತಾಳೆ. ಗಂಡ ಉಗುರು ತೆಗೆಯುವ ಕತ್ತಿ ಹಿಡಿದು ಅಕ್ಷರಗಳ ಮೇಲಿನ ಚುಕ್ಕೆ, ಮಾತ್ರೆಗಳನ್ನೆಲ್ಲ ಕೆರೆದು ಬೋಳಿಸಿಡುತ್ತಾನೆ. ಅವಳಿಗೆ ಸಂಶಯ. ಗೋಡೆಯ ಮೇಲಿನ ಎಮ್ಮೆಗಳ ಚಿತ್ರ ತೋರಿಸುತ್ತಾಳೆ. ಅವನಿಗೆ ಸಂತೋಷ ತಡೆಯದೆ, ಮಂದೆ ಕರೆಯುವ ದನಿಯಲ್ಲೇ ಕೂಗಲು ತೊಡಗುತ್ತಾನೆ. ಅವಮಾನದ ಆ ರಾತ್ರಿಯ ಬೆನ್ನಿಗೇ ಕಾಳಿಯ ಆರಾಧನೆ.

ಟಿಬೆಟಿನ ತಾರಾನಾಥ 1608ರಲ್ಲಿ ಬರೆದ ಬೌದ್ಧಧರ್ಮದ ಇತಿಹಾಸದಲ್ಲಿ ಕೂತ ಕೊಂಬೆಯನ್ನೇ ಕಡಿಯುವ ದನಗಾಹಿ ಸಿಗುತ್ತಾನೆ. ಅಲ್ಲಿ ರಾಜಕುಮಾರಿ ವಾರಾಣಸಿಯವಳು. ಬಲ್ಲಾಳನ ‘ಭೋಜಪ್ರಬಂಧ’ ಕವಿಯನ್ನು ಎಳೆದು ತಂದು 11ನೇ ಶತಮಾನದ ಭೋಜನ ಆಸ್ಥಾನದಲ್ಲಿ, ಬಾಣ, ಭವಭೂತಿಯರ ಪಕ್ಕದಲ್ಲಿ ಕೂರಿಸಿತು. ಕಾಲದ ಗೊಡವೆ ಬಲ್ಲಾಳನಿಗಿರಲಿಲ್ಲ. ಈ ಬೇರೆ ಬೇರೆ ಎಳೆಗಳೆಲ್ಲ ಸೇರಿ ಒಂದೇ ಜೀವನಚರಿತ್ರೆಯಾಗಿ, ಎಮ್ಮೆಗಳು ಕುರಿಗಳಾಗಿ, ನಮ್ಮ ತೆರೆಗೆ ಬಂದವು.

ಈ ಜಾಡು ಬಿಟ್ಟು ಬೇರೆ ದಾರಿ ತುಳಿದವನು ಹಿಂದಿಯ ಮೋಹನ್ ರಾಕೇಶ್. 1958ರ ‘ಆಷಾಢ್ ಕಾ ಏಕ್ ದಿನ್’ ನಾಟಕದ ಕಾಳಿದಾಸ ದಡ್ಡನಲ್ಲ. ಬೆಟ್ಟದೂರಿನ ಕವಿ, ಗಾಯಗೊಂಡ ಜಿಂಕೆಮರಿಯನ್ನು ಎತ್ತಿಕೊಂಡು ರಂಗಕ್ಕೆ ಬರುತ್ತಾನೆ. ಉಜ್ಜಯಿನಿಯಿಂದ ಕರೆ ಬಂದಾಗ, ಪ್ರೀತಿಸಿದ ಮಲ್ಲಿಕಾಳನ್ನು ಬಿಟ್ಟು ಹೊರಡುತ್ತಾನೆ. ಅಲ್ಲಿ ಅವನ ಕೈಹಿಡಿಯುವ ರಾಜಕುಮಾರಿಯ ಹೆಸರು ಮಾತ್ರ ಮೇರುತುಂಗನದೇ: ಪ್ರಿಯಂಗುಮಂಜರಿ. ಅವನು ಬರೆಯಲೆಂದು ಮಲ್ಲಿಕಾ ಖಾಲಿ ಹಾಳೆಗಳನ್ನು ತಾನೇ ಹೊಲಿದಿಟ್ಟಿರುತ್ತಾಳೆ. ವರ್ಷಗಳ ಮೇಲೆ ಮರಳಿದವನಿಗೆ ಆ ಹಾಳೆಗಳಲ್ಲಿ ಕಾಣುವುದು ಅವಳ ಕಣ್ಣೀರಿನ ಕಲೆ. ದೇವಿಯ ವರಕ್ಕಿಂತ ಈ ಕಲ್ಪನೆಯೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ದಡ್ಡನ ಕತೆ ಹುಟ್ಟಿದ್ದಾದರೂ ಯಾಕೆ? ‘ರಘುವಂಶ’ದ ಆರಂಭದಲ್ಲಿ ಕವಿ ತನ್ನನ್ನು ಮಂದಬುದ್ಧಿಯವನೆಂದು ಹೇಳಿಕೊಳ್ಳುತ್ತಾನೆ. ಆ ವಿನಯವನ್ನು ಜನ ಅಕ್ಷರಶಃ ನಂಬಿಬಿಟ್ಟರೇನೋ! ಇಷ್ಟು ವಿದ್ಯೆ ಮನುಷ್ಯಪ್ರಯತ್ನದಿಂದ ಬರಲಾರದು ಎಂಬ ನಮ್ಮ ಹಳೆಯ ನಂಬಿಕೆಯೂ ಜೊತೆಗೂಡಿರಬಹುದು.

ವಿಚಿತ್ರವೆಂದರೆ, ಹೊಸಬ ಕಾಳಿದಾಸನ ಒಂದು ನಿಜವಾದ ನೋಟ ಅವನ ಬರಹದಲ್ಲೇ ಇದೆ. ಮೊದಲ ನಾಟಕವೆಂದು ಬಹುತೇಕರು ಒಪ್ಪುವ ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿ, ಭಾಸ, ಸೌಮಿಲ್ಲರಂಥ ಹೆಸರಾಂತರನ್ನು ಬಿಟ್ಟು ಈಗಿನವನೊಬ್ಬನ ನಾಟಕ ಆಡುವುದೇ ಎಂದು ನಟನೊಬ್ಬ ತಕರಾರು ತೆಗೆಯುತ್ತಾನೆ. ಹಳೆಯದೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ ಎಂದು ಸೂತ್ರಧಾರ ತಿರುಗೇಟು ಕೊಡುತ್ತಾನೆ. ಅದು ಪೆದ್ದನ ಮಾತಲ್ಲ. ಅವಕಾಶಕ್ಕಾಗಿ ಕಾದು, ಹಿರಿಯರ ನೆರಳಲ್ಲಿ ಕುದಿಯುತ್ತಿರುವ, ತನ್ನ ಬಲ ತನಗೆ ಗೊತ್ತಿರುವ ತರುಣನ ಮಾತು. ನಮ್ಮ ಕಾದಂಬರಿಕಾರರು, ಸಿನಿಮಾದವರು ಮುಂದಿನ ಸಲ ಕಾಳಿದಾಸನನ್ನು ಮುಟ್ಟುವಾಗ ಕೊಡಲಿಯನ್ನು ಬದಿಗಿಟ್ಟು, ಆ ಪ್ರಸ್ತಾವನೆಯನ್ನು ಒಮ್ಮೆ ಓದಿಕೊಳ್ಳಲಿ.