ಒಂದು ದಿನ, ಒಬ್ಬರೇ, ಪಣಜಿಯಲ್ಲಿ

ಕೇಳುಗರೇ, ದುಡಿಮೆಗೆಂದು ಗೋವಾಕ್ಕೆ ಬಂದ ನಮ್ಮವರಲ್ಲಿ ಅನೇಕರಿಗೆ ಪಣಜಿಯ ಬಸ್ ನಿಲ್ದಾಣ ಗೊತ್ತು, ಪಣಜಿ ಗೊತ್ತಿಲ್ಲ. ರಜೆಯ ದಿನ ಒಬ್ಬರೇ ನಡೆದು ನೋಡಿ. ಖರ್ಚು ಊಟದ್ದು ಮಾತ್ರ. ಬೇಕೆಂದಲ್ಲಿ ನಿಲ್ಲಬಹುದು, ಕಂಡವರನ್ನು ಮಾತಾಡಿಸಬಹುದು.

ಬಿಸಿಲೇರುವ ಮೊದಲೇ ಹೊರಡಿ. ನಿಲ್ದಾಣದ ಬದಿಯ ಹೊಳೆ ದಾಟಿದರೆ ಗುಡ್ಡದ ಬುಡದಲ್ಲಿ ಫೊಂತೈನ್ಯಾಸ್ ಎಂಬ ಹಳೆಯ ಕೇರಿ. ಅಲ್ಲಿನ ನೀರಿನ ಬುಗ್ಗೆಯಿಂದ ಬಂದ ಹೆಸರದು. ಇಕ್ಕಟ್ಟಾದ ಓಣಿಗಳು, ಹಳದಿ, ನೀಲಿ, ಕೆಂಪು ಬಣ್ಣದ ಮನೆಗಳು. ಜನ ವಾಸಿಸುವ ಮನೆಗಳವು. ಕೇಳದೆ ಫೋಟೋ ತೆಗೆಯಬೇಡಿ.

ಉತ್ತರಕ್ಕೆ ನಡೆದರೆ ಮಾಂಡೋವಿ ನದಿಯ ದಂಡೆ. ಅಲ್ಲಿರುವ ಉದ್ದನೆಯ ಕಟ್ಟಡ ಒಮ್ಮೆ ಬಿಜಾಪುರದ ಆದಿಲಶಾಹನ ಅರಮನೆ. 1510ರಲ್ಲಿ ಅದು ಪೋರ್ಚುಗೀಸರ ಕೈಸೇರಿತು. ಹಳೆಯ ಗೋವಾ ನಗರ ರೋಗರುಜಿನಗಳಿಂದ ಬರಿದಾದ ಮೇಲೆ ಆಡಳಿತ ಇತ್ತ ಸರಿದು, 1843ರಲ್ಲಿ ಪಣಜಿ ರಾಜಧಾನಿಯಾಯಿತು. ಅರಮನೆಯ ಪಕ್ಕದಲ್ಲಿ ಸಂಮೋಹನ ವಿದ್ಯೆಗೆ ಹೆಸರಾದ, ಗೋವಾದಲ್ಲೇ ಹುಟ್ಟಿದ ಅಬ್ಬೆ ಫಾರಿಯಾನ ಪ್ರತಿಮೆಯಿದೆ.

ಮಧ್ಯಾಹ್ನ ಅನೇಕ ಅಂಗಡಿಗಳು ಮುಚ್ಚಿರುತ್ತವೆ. ಊಟ ಮಾಡಿ ನೆರಳಲ್ಲಿ ಕುಳಿತಿರಿ. ಬಿಸಿಲಿಳಿದ ಮೇಲೆ ದಂಡೆ ಹಿಡಿದು ಪಡುವಣಕ್ಕೆ ಸುಮಾರು 3 ಕಿಲೋಮೀಟರ್ ಸಾಗಿದರೆ ಮಿರಾಮಾರ್. ಅದರ ಬಳಿ ನದಿ ಕಡಲು ಸೇರುತ್ತದೆ. ಒಬ್ಬರೇ ಇದ್ದಾಗ ನೀರಿಗಿಳಿಯುವುದು ಬೇಡ.

ಈ ನದಿ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಿನಲ್ಲಿ. ಅಲ್ಲಿ ಅದರ ಹೆಸರು ಮಹದಾಯಿ. ನಮ್ಮವರ ಹಾಗೆಯೇ ಅದೂ ಘಟ್ಟ ಇಳಿದು ಬಂದದ್ದು. ಈ ಊರಿನ ರಸ್ತೆ, ಕಟ್ಟಡಗಳಿಗೆ ಬೆವರು ಸುರಿಸಿದವರು ಇಲ್ಲಿ ಬಿಡುವಾಗಿ ಅಡ್ಡಾಡಲು ಸಂಕೋಚಪಡಬೇಕಾಗಿಲ್ಲ. ಹೊರಡುವಾಗಲೇ ಊರಿಗೆ ಮರಳುವ ಕೊನೆಯ ಬಸ್ಸಿನ ಹೊತ್ತನ್ನು ಕೇಳಿಟ್ಟುಕೊಳ್ಳಿ.