ರೋಹಿಣಿ ನದಿಯ ವ್ಯಾಜ್ಯ, ಕೃಷ್ಣೆಯ ದಡದ ಪಠ್ಯ

ಡಾ. ಬಿ.ಆರ್. ಅಂಬೇಡ್ಕರ್ ಅವರ ನಿಧನಾನಂತರ, 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ ಸಿದ್ಧಾರ್ಥ ಮನೆ ಬಿಡುವುದು ರೋಗಿ, ವೃದ್ಧ, ಶವಗಳನ್ನು ಕಂಡದ್ದರಿಂದಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟಾಗ ಆತ ಅದನ್ನು ವಿರೋಧಿಸುತ್ತಾನೆ. ಗೃಹತ್ಯಾಗ ಅದರ ಫಲ. ಅರ್ಥಶಾಸ್ತ್ರ ಓದಿದ ನನಗೆ ಈ ವಿವರಣೆಯೇ ಹೆಚ್ಚು ಒಪ್ಪಿಗೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕಾಲೇಜುಗಳಲ್ಲಿ ಸಾರ್ವಜನಿಕ ಆರೋಗ್ಯ, ಜಲವಿಜ್ಞಾನ ಹಾಗೂ ಬೌದ್ಧ ದರ್ಶನವನ್ನು ಒಂದೇ ಪಠ್ಯವಾಗಿ ಬೋಧಿಸಬೇಕೆಂದರೆ ಕೆಲವರು ನಕ್ಕಾರು. ಆದರೆ ಈ ನೆಲವನ್ನು ನೋಡಿ. ವೇದಗಂಗಾ, ದೂಧಗಂಗಾ ನದಿಗಳು ಹರಿದು ಕೃಷ್ಣೆಯನ್ನು ಸೇರುವ ಸೀಮೆಯಿದು. 2005, 2019, 2021ರಲ್ಲಿ ದಡದ ಊರುಗಳು ಮುಳುಗಿದವು. ಬೇಸಿಗೆಯಲ್ಲಿ ಅದೇ ಕೃಷ್ಣೆ ಬತ್ತಿದರೆ, ಕೊಯ್ನಾದಿಂದ ನೀರು ಬಿಡಿರೆಂದು ನಮ್ಮ ಸರ್ಕಾರ ಮಹಾರಾಷ್ಟ್ರವನ್ನು ಕೋರುವುದು ವಾಡಿಕೆ. ಕಬ್ಬಿಗೆ ಮಿತಿಮೀರಿ ಹಾಯಿಸಿದ ನೀರು ಕರಿಮಣ್ಣಿನಲ್ಲಿ ಬಸಿಯದೆ ನಿಂತು, ಲವಣ ಮೇಲೇರಿ, ಹೊಲ ಸವಳು-ಜವಳಾಗುತ್ತದೆ. ಹೆಚ್ಚಾದ ಯೂರಿಯಾ ನೈಟ್ರೇಟಾಗಿ ಅಂತರ್ಜಲಕ್ಕಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಬಹಳವಾಗಿ ಮೀರಿದರೆ, ಆಮ್ಲಜನಕ ಒಯ್ಯುವ ಶಕ್ತಿ ಹಸುಗೂಸಿನ ರಕ್ತದಲ್ಲಿ ಕುಗ್ಗಬಹುದು. ಹೊಲವನ್ನು ಕೃಷಿ ವಿಜ್ಞಾನಕ್ಕೆ, ನೀರನ್ನು ರಸಾಯನಶಾಸ್ತ್ರಕ್ಕೆ, ಕೂಸನ್ನು ನರ್ಸಿಂಗಿಗೆ ನಾವು ಹಂಚಿಕೊಟ್ಟಿದ್ದೇವೆ. ಕಡತವನ್ನು ಇಲಾಖೆಯಿಂದ ಇಲಾಖೆಗೆ ದಾಟಿಸುವ ಈ ಚಾಳಿಯನ್ನು ಸೇವಾವಧಿಯುದ್ದಕ್ಕೂ ಕಂಡವನು ನಾನು.

ಇದರಲ್ಲಿ ದರ್ಶನಕ್ಕೇನು ಕೆಲಸ? ಭಿಕ್ಷುವಿನ ಎಂಟು ಪರಿಕರಗಳಲ್ಲಿ ನೀರು ಸೋಸುವ ಸಾಧನವೂ ಒಂದು. ನೀರೊಳಗಿನ ಜೀವಿಗಳನ್ನು ಉಳಿಸುವುದು ಅದರ ಉದ್ದೇಶ. ಕುಡಿಯುವವನ ಹೊಟ್ಟೆಗೂ ಕೇಡಿಲ್ಲ. ಭೇದಿಯಿಂದ ನರಳುತ್ತ, ಯಾರ ಆರೈಕೆಯೂ ಇಲ್ಲದೆ ಬಿದ್ದಿದ್ದ ಭಿಕ್ಷುವನ್ನು ಬುದ್ಧ ಆನಂದನೊಡನೆ ಸ್ವತಃ ತೊಳೆದ ಪ್ರಸಂಗ ಮಹಾವಗ್ಗದಲ್ಲಿದೆ. ಇನ್ನು, ಯಾರ ಬಾವಿ, ಯಾರಿಗೆ ನೀರು ಎಂಬ ಪ್ರಶ್ನೆ. ಬಹಿಷ್ಕೃತರ ಪ್ರಾಂತೀಯ ಪರಿಷತ್ತಿಗೆಂದು ಅಂಬೇಡ್ಕರ್ ನಿಪ್ಪಾಣಿಗೆ ಬಂದದ್ದು 1925ರಲ್ಲಿ. ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20ರಂದು. ಈ ಪ್ರಶ್ನೆಯನ್ನು ರಸಾಯನಶಾಸ್ತ್ರದ ಪ್ರಯೋಗಾಲಯ ಕೇಳದು.

ಹೊಸ ಕಟ್ಟಡವಾಗಲಿ ವಿಭಾಗವಾಗಲಿ ಇದಕ್ಕೆ ಬೇಕಿಲ್ಲ. ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ವಿದ್ಯಾರ್ಥಿಗಳು ತಮ್ಮ ಊರಿನ ಬಾವಿ, ಕೊಳವೆಬಾವಿಗಳ ನೀರು ಪರೀಕ್ಷಿಸಲಿ. ಆ ನೀರು ಕುಡಿಯುವ ಮನೆಗಳಲ್ಲಿ ಕಾಯಿಲೆಯ ಲೆಕ್ಕ ಬರೆಯಲಿ. ಎರಡನ್ನೂ ಗ್ರಾಮಸಭೆಯಲ್ಲಿ ಓದಲಿ. ಕಬ್ಬು ಬೆಳೆವ ಧಣಿಯೂ, ಬೀಡಿ ಕಟ್ಟುವ ಹೆಣ್ಣುಮಗಳೂ ಅಲ್ಲಿ ಕುಳಿತು ಕೇಳಲಿ.