ಮದ್ದು ಸೊಪ್ಪಿನ ಬಣ್ಣ ಏನನ್ನು ಹೇಳುತ್ತದೆ?

ಆಗಸ್ಟ್ 3ರ ಸುಮಾರಿಗೆ, ಕಕ್ಕಡ ತಿಂಗಳ 18ನೇ ದಿನ, ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಆಗಲೇಬೇಕು. ಪಶ್ಚಿಮಘಟ್ಟದಲ್ಲಿ ಕಾಡಂಚಿನ ನೆರಳಿಗೆ ಬೆಳೆಯುವ ಈ ಗಿಡಕ್ಕೆ ಸಸ್ಯಶಾಸ್ತ್ರ ಕೊಟ್ಟ ಹೆಸರು ಜಸ್ಟೀಷಿಯಾ ವೈನಾಡೆನ್ಸಿಸ್. ಆಡುಸೋಗೆ ಇದರ ನೆಂಟ. ಸೊಪ್ಪನ್ನು ಎಳೆ ಕಾಂಡದ ಸಮೇತ ಕುದಿಸಿದರೆ ನೀರು ಕಡು ನೇರಳೆಗೆ ತಿರುಗುತ್ತದೆ. ಸೋಸಿದ ಆ ನೀರಿನಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ಕಾಯಿ ಸೇರಿಸುತ್ತಾರೆ. ತಿಂಗಳ ಮೊದಲ ದಿನದಿಂದ ದಿನಕ್ಕೊಂದರಂತೆ ಗಿಡಕ್ಕೆ ಔಷಧ ಸೇರಿ, 18ನೇ ದಿನಕ್ಕೆ 18 ಔಷಧಗಳು ತುಂಬುತ್ತವೆ ಎಂಬುದು ನಂಬಿಕೆ. ತಿಂದ ಮೇಲೆ ಮೂತ್ರ ಕೆಂಪಾಗುತ್ತದಲ್ಲ, ಮದ್ದು ಮೈಗೆ ಹಿಡಿದದ್ದಕ್ಕೆ ಅದೇ ಸಾಕ್ಷಿ ಎನ್ನುತ್ತಾರೆ. ಬಣ್ಣ ಸಾಕ್ಷಿ ಹೇಳುವುದು ನಿಜ. ಆದರೆ ಯಾವುದಕ್ಕೆ?

ಮೊದಲು ಪಾತ್ರೆಯೊಳಗೆ ನಡೆಯುವುದನ್ನು ನೋಡೋಣ. ಬಿಸಿಗೆ ಎಲೆಯ ಜೀವಕೋಶಗಳ ಪೊರೆ ಒಡೆದು, ನೀರಿನಲ್ಲಿ ಕರಗುವ ವರ್ಣದ್ರವ್ಯಗಳು ಹೊರಬರುತ್ತವೆ. ಕರಗದವು ಸೊಪ್ಪಿನಲ್ಲೇ ಉಳಿಯುತ್ತವೆ. ಚೀನಾದ ಚಹಾ ಮೊಟ್ಟೆಯ ಹಿಂದಿರುವುದೂ ಇದೇ ರಸಾಯನ. ಬೇಯಿಸಿದ ಮೊಟ್ಟೆಯ ಚಿಪ್ಪನ್ನು ಚಮಚದಿಂದ ತಟ್ಟಿ ಬಿರುಕು ಬಿಡಿಸಿ, ಚಹಾ, ಸೋಯಾ ಸಾಸ್, ಚಕ್ರಮೊಗ್ಗು ಹಾಕಿದ ನೀರಿನಲ್ಲಿ ಸಣ್ಣಗೆ ಕುದಿಸಿ ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ಬೆಳಿಗ್ಗೆ ಸುಲಿದರೆ ಬಿಳಿಯ ಮೇಲೆ ಕಂದು ಗೆರೆಗಳ ಬಲೆ. ಕತ್ತರಿಸಿ ನೋಡಿದರೆ ಬಣ್ಣ ಹೊರಪದರ ದಾಟಿ ಹೆಚ್ಚು ಒಳಗೆ ಹೋಗಿರುವುದಿಲ್ಲ. ಚಹಾದ ಪಾಲಿಫಿನಾಲ್‌ಗಳು ಮೊಟ್ಟೆಯ ಪ್ರೋಟೀನಿಗೆ ಅಂಟಿಕೊಂಡು ಅಲ್ಲೇ ನಿಲ್ಲುತ್ತವೆ. ಮೇಲಾಗಿ ಬೆಂದು ಗಟ್ಟಿಯಾದ ಬಿಳಿಯೊಳಗೆ ಬಣ್ಣ ಸಾಗಬೇಕಾದದ್ದು ವಿಸರಣೆಯಿಂದ ಮಾತ್ರ, ಮತ್ತು ವಿಸರಣೆಯಲ್ಲಿ ಎರಡರಷ್ಟು ಆಳಕ್ಕೆ ನಾಲ್ಕರಷ್ಟು ಹೊತ್ತು ಬೇಕು. ಅಕ್ಕಿಗೆ ಈ ತೊಡಕಿಲ್ಲ. ಬೇಯುವಾಗ ಅದರ ಪಿಷ್ಟ ನೀರು ಹೀರಿ ಉಬ್ಬುತ್ತದೆ; ನೀರಿನ ಜೊತೆ ಬಣ್ಣವೂ ಅಗುಳಿನ ನಡುವಿನವರೆಗೆ ಹೋಗುತ್ತದೆ. ಹಾಗಾಗಿ ಕಷಾಯದಲ್ಲಿ ಇಳಿದದ್ದನ್ನು ಪೂರ್ತಿ ಊಟಕ್ಕೆ ತರುವ ವಿಧಾನವಾಗಿ ಈ ಪಾಯಸ ಬಹಳ ಜಾಣತನದ್ದು.

ಮೂತ್ರದ ಬಣ್ಣಕ್ಕೂ ಕಾರಣ ಇದೇ ಕರಗುವ ಗುಣ. ವರ್ಣದ್ರವ್ಯ ಕರುಳಿನಿಂದ ರಕ್ತಕ್ಕೆ ಸೇರಿ, ಮೂತ್ರಪಿಂಡದಲ್ಲಿ ಸೋಸಿ ಹೊರಬಂದಿದೆ. ಬೀಟ್‌ರೂಟ್ ತಿಂದ ಕೆಲವರಿಗೂ ಹೀಗಾಗುತ್ತದೆ. ಅದನ್ನು ಯಾರೂ ಮದ್ದಿನ ಗುರುತು ಎನ್ನುವುದಿಲ್ಲ. ಸೊಪ್ಪಿನ ಸಾರದಲ್ಲಿ ಉತ್ಕರ್ಷಣ ನಿರೋಧಕಗಳಿವೆ ಎಂದು ಪ್ರಯೋಗಾಲಯಗಳೇ ತೋರಿಸಿವೆಯಲ್ಲ ಎಂದು ಕೇಳಬಹುದು. ತೋರಿಸಿವೆ, ನಿಜ. ಆದರೆ ಆ ಗುಣ ಚಹಾ ಎಲೆಯಲ್ಲೂ ಇದೆ, ಬಹುಪಾಲು ಹಸಿರು ಸೊಪ್ಪುಗಳಲ್ಲೂ ಇದೆ. ಪ್ರನಾಳದಲ್ಲಿ ಕಂಡ ಗುಣ ಮನುಷ್ಯನ ಮೈಯಲ್ಲಿ ರೋಗ ತಡೆಯುತ್ತದೆ ಎನ್ನಲು ಬೇರೆಯೇ ಪುರಾವೆ ಬೇಕು.

ಉಳಿದದ್ದು 18ನೇ ದಿನದ ಪ್ರಶ್ನೆ. ನನಗೆ ಹೆಚ್ಚು ಕುತೂಹಲ ಇದರಲ್ಲೇ. ಮಳೆ, ಬೆಳಕು, ಎಲೆಯ ಪ್ರಾಯಕ್ಕೆ ತಕ್ಕಂತೆ ಗಿಡದ ರಾಸಾಯನಿಕಗಳು ಬದಲಾಗುತ್ತವೆ. ಚಹಾ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಕಕ್ಕಡದ ಮಳೆಯಲ್ಲಿ ಈ ಸೊಪ್ಪು ಸಾರವತ್ತಾಗಿರುತ್ತದೆ ಎಂಬ ಹಿರಿಯರ ಮಾತನ್ನು ತಳ್ಳಿಹಾಕಲು ಕಾರಣವಿಲ್ಲ. ಕಕ್ಕಡ ಸೌರಮಾನದ ತಿಂಗಳಾದ್ದರಿಂದ ಹುಣ್ಣಿಮೆ ಅಮಾವಾಸ್ಯೆ ನೋಡಿ ಮಾಡುವ ಹಬ್ಬಗಳಂತೆ ಈ ದಿನ ವರ್ಷವರ್ಷ ಹಿಂದೆಮುಂದೆ ಸರಿಯುವುದೂ ಇಲ್ಲ. ಆದರೆ ನಮ್ಮ ಸೌರವರ್ಷ ಲೆಕ್ಕ ಹಿಡಿಯುವುದು ನಕ್ಷತ್ರಗಳಿಂದ. ಋತುಚಕ್ರಕ್ಕಿಂತ ಅದು ಸುಮಾರು 20 ನಿಮಿಷ ಉದ್ದ. ಈ ವ್ಯತ್ಯಾಸ 70 ವರ್ಷಕ್ಕೆ ಒಂದು ದಿನದಷ್ಟಾಗುತ್ತದೆ. ಅಂದರೆ 500 ವರ್ಷಗಳ ಹಿಂದೆ ಕಕ್ಕಡ 18 ಋತುವಿನ ಲೆಕ್ಕದಲ್ಲಿ ಒಂದು ವಾರ ಮೊದಲೇ ಬರುತ್ತಿತ್ತು. ಗಿಡಕ್ಕೆ ಗೊತ್ತಾಗುವುದು ಹಗಲಿನ ಉದ್ದ ಮತ್ತು ಮಳೆ, ಪಂಚಾಂಗವಲ್ಲ. ಋತುವಿನ ಮಾತು ನಿಲ್ಲಬಹುದು, ಅದೇ ಒಂದು ದಿನ ಎಂಬುದು ನಿಲ್ಲುವುದು ಕಷ್ಟ.

ಹೀಗೆ ಕೆದಕಿದರೆ ಸಂಪ್ರದಾಯಕ್ಕೆ ಅಗೌರವವಾಗುವುದಿಲ್ಲವೇ? ಇಲ್ಲ. ಪಾಯಸ ಉಣ್ಣಲು ಪುರಾವೆ ಬೇಕಿಲ್ಲ. ಮದ್ದು ಎನ್ನಲು ಬೇಕು. ಪರೀಕ್ಷೆಯೂ ದುಬಾರಿಯದಲ್ಲ: ಜುಲೈನಿಂದ ಸೆಪ್ಟೆಂಬರ್‌ವರೆಗೆ ಅವವೇ ಗಿಡಗಳಿಂದ ಸಮತೂಕದ ಸೊಪ್ಪು ಕಿತ್ತು, ಒಂದೇ ಅಳತೆಯ ನೀರಿನಲ್ಲಿ ಕುದಿಸಿ, ಯಾವ ದಿನದ್ದೆಂದು ಅಳೆಯುವವರಿಗೆ ತಿಳಿಸದೆ ಸಾರವನ್ನು ಅಳೆಯಬೇಕು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಲಿ. ತೋಟದವರು ಗಿಡಗಳನ್ನು ಕಳೆಯೆಂದು ಕಡಿಯದೆ ಉಳಿಸಿಕೊಡಲಿ.